ಮಾಲೆ ಹಾಕಿದ ಫೋಟೊ

ಆಳಂದದಲ್ಲಿ ಸ್ಟುಡಿಯೊ ಇಟ್ಟಿದ್ದ ಶೈಲಶ್ರೀಗೆ ಭೂಸನೂರಿನಲ್ಲಿ ನಡೆದ ಸಿನಿಮಾ ಶೂಟಿಂಗಿನಲ್ಲಿ ಫೋಟೊ ತೆಗೆಯುವ ಕೆಲಸ ಸಿಕ್ಕಿತ್ತು. ನಾಯಕಿಯ ಸತ್ತ ತಾಯಿಯದೆಂದು ಗೋಡೆಗೆ ಹಾಕಲು ಒಂದು ಭಾವಚಿತ್ರ ಬೇಕಾದಾಗ, ಅವಳು ಅದೇ ಊರಿನ ಶಿವಕಾಂತಾಳನ್ನು ಒಪ್ಪಿಸಿ ಫೋಟೊ ತೆಗೆದಳು.

ಮರುದಿನ ಶೂಟಿಂಗ್ ನೋಡಲು ಬಂದ ಶಿವಕಾಂತಾಳ ಗಂಡ ಗುರುಪಾದ, ಹೆಂಡತಿಯ ಫೋಟೊಗೆ ಮಾಲೆ ಹಾಕಿದ್ದು ಕಂಡು ನೇರವಾಗಿ ಒಳಗೆ ನಡೆದ.

"ನಮ್ಮಾಕಿ ಮನ್ಯಾಗ ರೊಟ್ಟಿ ಬಡಿಯಾಕತ್ತಾಳ್ರಿ. ಇದೇನ್ ಮಾಡೀರಿ ನೀವು?"

"ಇದು ಬರೇ ಸಿನಿಮಾ ಅದ ಕಾಕಾ," ಎಂದಳು ಶೈಲಶ್ರೀ.

"ಹಂಗಾದ್ರ ನಿನ್ನ ಫೋಟೊನೇ ಹಾಕವ್ವಾ."

ಗುರುಪಾದ ಫೋಟೊ ಇಳಿಸಿ, ಬಗಲಲ್ಲಿಟ್ಟುಕೊಂಡು ಹೊರಟುಹೋದ.

ನಿರ್ದೇಶಕರು ಅವಸರ ಮಾಡುತ್ತಿದ್ದರು. ಶೈಲಶ್ರೀ ಹಳೆಯ ಇಳಕಲ್ ಸೀರೆಯುಟ್ಟು, ಕೂದಲಿಗೆ ಬಿಳಿ ಬಣ್ಣ ಬಳಿದುಕೊಂಡು, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ತನ್ನದೇ ಫೋಟೊ ತೆಗೆದಳು. ಸೆಟ್ಟಿನವರು ಅದಕ್ಕೆ ಮಾಲೆ ಹಾಕುವಾಗ ಮಾತ್ರ ಹೊರಗೆ ಹೋಗಿ ನಿಂತಳು.