ಗಂಗಾಳ ಜಾಗಕ್ಕೆ

ಮಸ್ಕತ್ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಗಂಗಾಳ ವಾಸದ ಕಾರ್ಡನ್ನು ಮಷಿನಿಗೆ ಹಿಡಿದು ನೋಡಿದ. ಅವಳು ಕೊಟ್ಟ ಕಾಗದವನ್ನೂ ತಿರುವಿ ನೋಡಿದ. ವೀಸಾ ಮುಗಿದಿದೆ, ಈ ಕಾಗದ ನಮ್ಮದಲ್ಲ, ಅಂದ. ಮೂರು ವರ್ಷ ಅದೇ ಊರಿನ ಒಂದು ಮನೆಯಲ್ಲಿ ದುಡಿದವಳಿಗೆ ಅಷ್ಟು ಅರಬ್ಬಿ ತಿಳಿಯದೆ ಇರುತ್ತದೆಯೇ? ಹೊರಗೆ ನಾನು ಕೆಲಸ ಮಾಡುವ ಮನೆಯವರಿದ್ದಾರೆ, ಒಂದು ಸಲ ಕೇಳಿ ಅಂತ ಬೇಡಿಕೊಂಡಳು. ಯಾರೂ ಕೇಳಲಿಲ್ಲ. ಬಂದ ವಿಮಾನ ಹೈದರಾಬಾದಿಗೆ ತಿರುಗಿ ಹೊರಟಾಗ ಅವಳನ್ನೂ ಅದರಲ್ಲೇ ಹತ್ತಿಸಿ ಕಳಿಸಿದರು.

ಅವಳು ಊರಿಗೆ ಬಂದದ್ದು ತಾಯಿ ಸಾಯಬಮ್ಮನ ಆಪರೇಷನ್ನಿಗೆಂದು, ಒಂದೇ ತಿಂಗಳ ಮಟ್ಟಿಗೆ. ವೀಸಾ ಮುಗಿಯುವ ದಿನ ಹತ್ತಿರ ಬಂದದ್ದು ಅವಳಿಗೆ ಗೊತ್ತಿತ್ತು. ಸುರಪುರ ಬಸ್ ನಿಲ್ದಾಣದ ಎದುರು ಆಫೀಸು ಇಟ್ಟಿದ್ದ, ಪರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ ಹಣಮೇಶನನ್ನು ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ಅದನ್ನ ನಾ ನೋಡ್ಕೋತೀನಿ. ನಿನ್ನ ಮಸ್ಕತ್ ಮನಿ ಮೇಡಂ ಜೋಡಿ ಮಾತಾಡೇನಿ. ನೀ ನಡುವ ಫೋನ್ ಮಾಡಿ ಕೆಡಿಸಬ್ಯಾಡ." ಅವನು ಹೊರಗಿನವನಲ್ಲ, ಸೋದರಮಾವನ ಮಗ. ಗಂಗಾ ನಂಬಿದಳು. ವೀಸಾ ಮುಂದುವರಿದಿದೆ ಅಂತ ಸೀಲು ಹೊಡೆದ ಕಾಗದವನ್ನು ಕೈಗಿಟ್ಟವನೂ ಅವನೇ.

ಯಾದಗಿರಿಯಲ್ಲಿ ರೈಲಿಳಿದು ಗಂಗಾ ಹೊಳೆದಂಡೆಯ ತನ್ನೂರಿನ ಬಸ್ಸು ಹತ್ತಲಿಲ್ಲ. ಶಹಾಪುರದ ಮೇಲೆ ಹಾಯ್ದು ಸುರಪುರಕ್ಕೆ ಹೋಗುವ ಬಸ್ಸು ಹತ್ತಿದಳು. ಪಕ್ಕದಲ್ಲಿ ಕೂತ ಹೆಂಗಸು ಎಲ್ಲಿಂದ ಬಂದೆ ಅಂತ ಕೇಳಿದರೆ ಕಿಟಕಿಯ ಕಡೆ ತಿರುಗಿ ಕೂತಳು. ಮಸ್ಕತ್ತಿನ ಮನೆಯಲ್ಲಿ ಮೇಡಂನ ಮುದಿ ತಾಯಿ ಇವಳ ಕೈ ಹಿಡಿಯದೆ ಮಂಚ ಇಳಿಯುತ್ತಿರಲಿಲ್ಲ. ಬೇಗ ಬಾ ಅಂತ ಗದ್ದ ಹಿಡಿದು ಕಳಿಸಿದ್ದಳು ಮುದುಕಿ.

ಹಣಮೇಶನ ಆಫೀಸಿನ ಬೆಂಚಿನ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಕಾಲ ಬಳಿ ಹೊಸ ಬ್ಯಾಗು.

"ಯಾವೂರವ್ವಾ ನಿಂದು? ಎಲ್ಲಿಗೆ ಹೊಂಟಿ?"

"ಬೋನಾಳ ಅಕ್ಕಾ, ದಾನೇಶ್ವರಿ ಅಂತ ಹೆಸರು. ಮಸ್ಕತ್ತಿಗೆ ಹೊಂಟೀನಿ, ಒಂದು ಮುದುಕೀನ ನೋಡ್ಕೊಳ್ಳಾಕ. ಮೊದಲಿದ್ದಾಕಿ ಮದುವಿ ಮಾಡ್ಕೊಂಡು ಕೆಲಸ ಬಿಟ್ಟಾಳಂತ."

ಒಳಗಿನಿಂದ ಬಂದ ಹಣಮೇಶ ಗಂಗಾಳನ್ನು ಕಂಡು ಬಾಗಿಲಲ್ಲೇ ನಿಂತ.

"ನನ್ನ ಮದುವಿ ಯಾವಾಗ ಆತೋ ಹಣಮೇಶ? ಗಂಡ ಯಾರಂತ ನೀನರ ಹೇಳು!"

"ಸುಮ್ಮನ ಒದರಬ್ಯಾಡ. ಅಲ್ಲಿ ಆಫೀಸರು ತಿರುಗಿ ಕಳಿಸಿದ್ರ ನಾ ಏನ್ ಮಾಡ್ಲಿ?"

"ತಿರುಗಿ ಕಳಿಸ್ಯಾರಂತ ನಾ ಇನ್ನೂ ಹೇಳೇ ಇಲ್ಲಲ್ಲೋ!"

ಅವಳು ಅಲ್ಲೇ ನಿಂತು ಮೇಡಂಗೆ ಫೋನು ಹಚ್ಚಿ ಸ್ಪೀಕರ್ ಹಾಕಿದಳು. ಹಣಮೇಶ ಕಸಿಯಲು ಬಂದ. ಅವನ ಎದೆಗೆ ಕೈ ಕೊಟ್ಟು ದಬ್ಬಿದಳು. ಮೇಡಂ ಹೇಳಿದ್ದನ್ನು ಗಂಗಾ ದಾನೇಶ್ವರಿಗೆ ಕನ್ನಡದಲ್ಲಿ ಹೇಳುತ್ತ ಹೋದಳು. ಗಂಗಾಳ ಮದುವೆಯಾಯಿತು, ಇನ್ನು ಬರುವುದಿಲ್ಲ ಅಂತ ಹಣಮೇಶ ಹೇಳಿದ್ದನಂತೆ. ಅದಕ್ಕೇ ಅವಳ ವೀಸಾ ಹಾಗೇ ಮುಗಿಯಲು ಬಿಟ್ಟು ಹೊಸ ಹುಡುಗಿಗೆ ಮಾಡಿಸಿದರಂತೆ. ಇನ್ನು ತನ್ನ ಕೈಯಲ್ಲಿ ಏನೂ ಇಲ್ಲ ಅಂದಳು ಮೇಡಂ. ಅಳುತ್ತಿದ್ದಳೋ ಏನೋ, ದನಿ ಒಡೆದಿತ್ತು.

ಹೊಸ ಹೆಣ್ಣುಮಗಳು ಹೋದರೆ ಹಣಮೇಶನಿಗೆ ಹೊಸ ಕಮಿಷನ್. ಅಷ್ಟಕ್ಕೇ ಇದೆಲ್ಲ; ಗಂಗಾ ಅನುಮಾನಗೊಂಡು ಮೇಡಂಗೆ ಫೋನು ಮಾಡದಿರಲೆಂದೇ ಆ ಸುಳ್ಳು ಕಾಗದ.

"ಆಗಿದ್ದು ಆತು ಬಿಡು," ಅಂದ ಅವನು, ತುಸು ಮೆತ್ತಗಾಗಿ. "ನಿನಗ ದುಬೈದಾಗ ಇದಕ್ಕಿಂತ ಛಲೋ ಮನಿ ನೋಡ್ತೀನಿ."

ಆ ಮಾತಿಗೆ ಗಂಗಾ ಅವನ ಮೇಜಿನತ್ತ ನುಗ್ಗಿದಳು. ಮೇಜಿನ ಖಾನೆ ಎಳೆದು ನೆಲಕ್ಕೆ ಸುರುವಿದಳು. ಉರುಳಿ ಬಿದ್ದವು ಸೀಲುಗಳು, ಯಾವ ಯಾವ ದೇಶದವೋ. ಅಷ್ಟನ್ನೂ ಸೆರಗಿಗೆ ಹಾಕಿಕೊಂಡು ಎದ್ದಳು.

"ಅಕ್ಕಾ, ನನ್ನ ವೀಸಾನೂ ಸುಳ್ಳೇನು?" ದಾನೇಶ್ವರಿ ಕೇಳಿದಳು.

"ನಿಂದು ಖರೇನ ಐತಿ. ನನ್ನ ಬಾಯಾಗಿನ ತುತ್ತು ಕಸ್ಕೊಂಡು ನಿನ್ನ ಬಾಯಿಗೆ ಇಟ್ಟಾನ. ಹೋಗು, ತಿನ್ನು!"

ಹುಡುಗಿಯ ತಪ್ಪೇನೂ ಇಲ್ಲವೆಂದು ಗಂಗಾಳಿಗೆ ಗೊತ್ತಿತ್ತು. ಆದರೂ ಮೆತ್ತಗೆ ಮಾತಾಡಲು ಅವಳಿಂದ ಆಗಲಿಲ್ಲ.

ಸುದ್ದಿ ಮುಟ್ಟಿ ತಂದೆ ಬಸವಂತ್ರಾಯ ಪೊಲೀಸ್ ಠಾಣೆಗೆ ಓಡಿ ಬಂದಾಗ ಮುನ್ಷಿ ಗಂಗಾಳ ದೂರು ಬರೆದು ಮುಗಿಸಿದ್ದ, ಅವಳ ಸಹಿ ಮಾತ್ರ ಬಾಕಿ. ಅಪ್ಪ ಮೀನಿನ ಬಲೆಯನ್ನು ಹೊಳೆಯಲ್ಲೇ ಬಿಟ್ಟು ಬಂದಿದ್ದನೇನೋ, ಧೋತರ ಇನ್ನೂ ಹಸಿಯಿತ್ತು.

"ಮನೆತನದ ಮಾತದ ಮಗಳೇ. ನಿಮ್ಮವ್ವ ತವರಿಗೆ ಹ್ಯಾಂಗ ಮಾರಿ ತೋರಿಸಬೇಕು? ಕೂತು ಬಗಿಹರಿಸಿಕೊಂಡ್ರಾತು."

"ಅವನು ಖೋಟಾ ಕಾಗದ ಕೊಟ್ಟು ನನ್ನ ಪರದೇಶಕ್ಕ ಕಳಿಸ್ಯಾನ ಅಪ್ಪಾ! ಅಲ್ಲಿ ನನ್ನ ಜೇಲಿಗೆ ಹಾಕಿದ್ರ ಯಾರ ಕೂಡ ಕೂತು ಬಗಿಹರಿಸ್ತಿದ್ದಿ?"

ಗಂಗಾ ಕಾಗದ ಎಳೆದುಕೊಂಡು ಹಾಳೆ ಹರಿಯುವಷ್ಟು ಒತ್ತಿ ಸಹಿ ಹಾಕಿದಳು.

ಸೀಲುಗಳ ಮೇಲೆ ಕೇಸಾಯಿತು. ಹಣಮೇಶ ಕೆಲವು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದ. ದಾನೇಶ್ವರಿ ಮಸ್ಕತ್ತಿಗೆ ಹೋದಳು. ಹೋಗುವ ಮುಂಚೆ ಮೇಡಂನ ನಂಬರು ಕೇಳಿಕೊಂಡು ಬಂದಿದ್ದಳು. ಗಂಗಾ ಕೊಟ್ಟಳು, ಒಳಗೆ ಬಾ ಅನ್ನಲಿಲ್ಲ. ತಾಯಿಯ ತವರಿನವರ ಜೊತೆ ಹೋಗಿಬರುವುದು ನಿಂತಿತು. ಕೇಸು ವಾಪಸ್ ತಗೋ ಅಂತ ಮಂದಿ ಬರುತ್ತಲೇ ಇದ್ದಾರೆ. ಬಂದವರಿಗೆ ಚಹಾ ಕೊಡುವ ಗಂಗಾ ಅವರ ಮಾತು ಮುಗಿಯುವ ಮೊದಲೇ ಎದ್ದು ಹೇಳುತ್ತಾಳೆ:

"ಚಹಾ ಕುಡೀರಿ, ಹೋಗ್ರಿ."