ಕೀಲೆಣ್ಣೆ

ಗಾಡಿಗಳಿದ್ದ ಕಾಲದಲ್ಲಿ ಅವನು ಗಾಡಿಯ ಬಡಗಿ. ಗಾಡಿಗಳು ಹೋದವು, ಚಕ್ರ ಕೂಡಿಸುವ ಕೆಲಸವೂ ಹೋಯಿತು. ಎಣ್ಣೆಯ ಡಬ್ಬಿ ಮಾತ್ರ ಸೊಂಟದಲ್ಲೇ ಉಳಿಯಿತು. ಯಾರ ಮನೆಯ ಬಾಗಿಲು ಕಿರ್ ಎಂದರೂ, ಬಾವಿಯ ರಾಟೆ ಅತ್ತರೂ, ಕರೆಯದೆಯೇ ಹೋಗಿ ಒಂದು ಹನಿ ಬಿಟ್ಟು ಬರುತ್ತಿದ್ದ. ಊರಿನವರು ಕೀಲೆಣ್ಣೆ ಎಂದೇ ಹೆಸರಿಟ್ಟರು. ಗಂಡಹೆಂಡಿರ ಜಗಳ ಜೋರಾದರೆ, ಮೆಲ್ಲಗೆ ಮಾತಾಡ್ರಪ್ಪಾ, ಕೀಲೆಣ್ಣೆ ಬಂದು ಬಾಯಿಗೂ ಎಣ್ಣೆ ಬಿಟ್ಟಾನು ಎಂದು ನೆರೆಯವರು ನಗುವುದಿತ್ತು.

ಗುಡ್ಡಗಳ ಮೇಲಿನ ಗಾಳಿಯಿಂದ ಕರೆಂಟು ತೆಗೆಯುತ್ತೇವೆ ಎಂದು ರಾಜ್ಯದ ಸರ್ಕಾರ ಹೊರಟ ವರ್ಷಗಳು ಅವು. ಮೊದಲು ದೂರದ ಸಾಲಿನಲ್ಲಿ ಗಾಳಿಯಂತ್ರದ ಗೋಪುರಗಳು ಎದ್ದವು, ಆಮೇಲೆ ಅದರ ಈಚಿನ ಸಾಲಿನಲ್ಲಿ. ಕುರಿಯೂ ಮೂಸದ ಬೋಳುಗುಡ್ಡಗಳನ್ನು ಕಾರಿನಲ್ಲಿ ಬಂದವರು ನಿಂತು ನೋಡತೊಡಗಿದರು. ಈ ಊರಿನ ಬೆನ್ನಿಗಿದ್ದ ಗುಡ್ಡದ ಸರದಿಯೂ ಬಂತು. ಆದರೆ ಗೋಪುರ ನಿಲ್ಲಿಸುವ ಮುಂಚೆ ಗಾಳಿಯನ್ನು ಅಳೆಯಬೇಕು. ಅದಕ್ಕೊಂದು ಉದ್ದನೆಯ ಕಂಬ, ಕಂಬದ ಮೈಗೆ ಅಲ್ಲಲ್ಲಿ ಪುಟ್ಟ ಬಟ್ಟಲುಗಳ ತಿರುಗಣಿ. ಬಟ್ಟಲು ಎಷ್ಟು ಸುತ್ತಿತೋ ಅಷ್ಟು ಗಾಳಿ. ಮಳೆ, ಚಳಿ, ಬಿಸಿಲು ಎಲ್ಲವನ್ನೂ ಅದು ನೋಡಬೇಕು. ಅಲ್ಲಿಯವರೆಗೆ ಕಂಬ ಕಾಯುವ ಕೆಲಸವನ್ನು ಕೀಲೆಣ್ಣೆ ಹಿಡಿದ.

ಹಿಡಿದದ್ದು ಅಳಿಯನಿಗಾಗಿ. ಮಗಳು, ಅಳಿಯ ಅವನ ಜೊತೆಗೇ ಇದ್ದರು. ಅಳಿಯ ಗುಡ್ಡದ ಪಕ್ಕದ ಜಲ್ಲಿ ಕ್ರಷರಿನ ಬಾಯಿಗೆ ಕಲ್ಲು ತುಂಬುತ್ತಿದ್ದ. ಮನೆಗೆ ಬಂದರೆ ರೆಪ್ಪೆಯ ಮೇಲೂ ಬಿಳಿ ಧೂಳು. ಬೆಳಗಿನ ಕೆಮ್ಮು ಎಂದುಕೊಂಡಿದ್ದರು. ಬರಬರುತ್ತ ಅದು ಹೊತ್ತುಗೊತ್ತು ನೋಡುವುದನ್ನು ಬಿಟ್ಟಿತು. ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, ಇದಕ್ಕೆ ಔಷಧಿ ಎಂದರೆ ಆ ಕೆಲಸ ಬಿಡುವುದೇ, ಇನ್ನೂ ಧೂಳು ಕುಡಿದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದಿದ್ದರು. ಬಿಟ್ಟು ಮಾಡುವುದೇನು? ಆ ಸುತ್ತಿನಲ್ಲಿ ಇದ್ದದ್ದು ಕ್ರಷರ್ ಒಂದೇ. ಕಂಬ ತಂದ ಕಂಪನಿಯ ಮೇಲ್ವಿಚಾರಕ ಮಾತುಗಾರ. ಗಾಳಿ ಬಂದಾಗ ತೂರಿಕೊಳ್ಳಬೇಕು ಯಜಮಾನರೇ, ಗೋಪುರ ಬಂದರೆ ಕಾವಲಿನವನ ಮನೆಯಿಂದ ಒಬ್ಬನಿಗೆ ಖಾಯಂ ಕೆಲಸ ಎಂದಿದ್ದ. ಅಂದು ಮಗಳು ಗಂಡನ ಅಂಗಿಯ ಧೂಳು ಒದರುತ್ತ, ಇದನ್ನ ಒಂದಿನ ಒಲೆಗೆ ಹಾಕ್ತೀನಿ ನೋಡ್ತಿರಿ ಎಂದಳು. ಬಹಳ ದಿನಗಳ ಮೇಲೆ ಅವಳು ನಕ್ಕದ್ದು ಅದು.

ಕಂಬ ಎಬ್ಬಿಸುವ ಹಿಂದಿನ ಸಂಜೆ ಅದು ಗುಡ್ಡದ ಮೇಲೆ ಉದ್ದಕ್ಕೂ ಮಲಗಿತ್ತು. ಬಟ್ಟಲುಗಳನ್ನೆಲ್ಲ ಜೋಡಿಸಿ ಆಗಿತ್ತು. ಕೆಲಸದವರು ಇಳಿದು ಹೋಗಿದ್ದರು. ಕೀಲೆಣ್ಣೆ ಒಂದು ತಿರುಗಣಿಯನ್ನು ಬೆರಳಿನಿಂದ ತಳ್ಳಿದ. ಸದ್ದಿಲ್ಲದೆ ತಿರುಗಿತು. ಆದರೂ ಅವನ ಕೈ ಸುಮ್ಮನಿರಲಿಲ್ಲ. ಒಣ ಅಚ್ಚಿನ ಗಾಡಿಯನ್ನು ದಾರಿಗೆ ಬಿಡುವವನು ಬಡಗಿಯೇ ಅಲ್ಲ ಎನ್ನುತ್ತಿದ್ದ ಅಪ್ಪ. ವರ್ಷವಿಡೀ ಆಕಾಶದಲ್ಲಿ ಸುತ್ತಬೇಕಾದ ಚಕ್ರ ಇದು. ಎಲ್ಲಾದರೂ ಬಿಗಿದುಕೊಂಡರೆ ಹತ್ತಿ ನೋಡುವವರು ಯಾರು? ಡಬ್ಬಿ ತೆಗೆದು, ಕೂಸಿನ ಕಿವಿಗೆ ಬಿಡುವ ಹಾಗೆ, ಪ್ರತಿಯೊಂದರ ಕತ್ತಿಗೂ ಒಂದೊಂದು ಹನಿ ಹರಳೆಣ್ಣೆ ಬಿಟ್ಟ. ಮನೆಯಲ್ಲಿ ಹೇಳಲಿಲ್ಲ. ಹೇಳುವಂಥದ್ದು ಎಂದು ಅನ್ನಿಸಿಯೇ ಇರಲಿಲ್ಲ.

ಆ ವರ್ಷ ಗಾಳಿ ಚೆನ್ನಾಗಿಯೇ ಬೀಸಿತು. ಕಾವಲಿನ ಗುಡಿಸಲಿನ ತಗಡು ಹಾರಿ ಕಣಿವೆಗೆ ಬಿತ್ತು. ಅಂಕಿಗಳನ್ನು ನೋಡಲು ಆಗಾಗ ಬರುತ್ತಿದ್ದ ಇಂಜಿನಿಯರಮ್ಮ ಮಾತ್ರ ಹುಬ್ಬು ಗಂಟಿಕ್ಕುತ್ತಿದ್ದಳು. ನಿಂತರೆ ಹೆಗಲ ಮೇಲಿನ ಬಟ್ಟೆ ನಿಲ್ಲುವುದಿಲ್ಲ, ಅಂಕಿ ನೋಡಿದರೆ ಮೇಲೇಳುವುದಿಲ್ಲ ಎಂದು ತನಗೆ ತಾನೇ ಗೊಣಗುತ್ತಿದ್ದಳು. ಕೀಲೆಣ್ಣೆ ಕತ್ತೆತ್ತಿ ನೋಡುತ್ತಿದ್ದ. ಬಟ್ಟಲುಗಳು ತಿರುಗುತ್ತಿದ್ದವು. ಎಷ್ಟು ಜೋರಾಗಿ ತಿರುಗಬೇಕಿತ್ತು ಎಂಬುದು ಕೆಳಗೆ ನಿಂತವನಿಗೆ ತಿಳಿಯುವುದು ಹೇಗೆ?

ಕೊನೆಗೆ ಮಾತು ಬಂತು: ಈ ಗುಡ್ಡದಲ್ಲಿ ಗಾಳಿ ಸಾಲದು. ಗೋಪುರಗಳು ಹೊಳೆಯಾಚೆಯ ಗುಡ್ಡಕ್ಕೆ ಹೋಗುತ್ತವೆ.

ಕಂಬ ಇಳಿಸುವ ದಿನ ಅಳಿಯ ರಜೆ ಹಾಕಿ, ಹಗ್ಗ ಹಿಡಿಯುವ ಕೂಲಿಗೆ ಬಂದಿದ್ದ. ಕಂಬ ನಿಧಾನವಾಗಿ ವಾಲಿ ನೆಲಕ್ಕೆ ಒರಗಿತು. ಇಂಜಿನಿಯರಮ್ಮ ಬಗ್ಗಿ ಒಂದು ತಿರುಗಣಿಯನ್ನು ತಳ್ಳಿದಳು. ಅದು ಅರ್ಧ ಸುತ್ತಿ ನಿಂತಿತು. ಮತ್ತೊಂದನ್ನು ತಳ್ಳಿದಳು. ಅದೂ ನಿಂತಿತು. ಕತ್ತಿನ ಸಂದಿಯಿಂದ ಉಗುರಿನಲ್ಲಿ ಏನನ್ನೋ ಕೆರೆದು ತೆಗೆದಳು. ಅಂಟಂಟು; ಕ್ರಷರಿನ ಬಿಳಿ ಧೂಳು ಅದರಲ್ಲಿ ಹಿಟ್ಟಿನ ಹಾಗೆ ಕಲಸಿಕೊಂಡಿತ್ತು.

"ಇದಕ್ಕೆ ಯಾರಾದ್ರೂ ಏನಾದ್ರೂ ಹಾಕಿದ್ರಾ?" ಎಂದಳು.

"ಹರಳೆಣ್ಣೆ," ಎಂದ ಕೀಲೆಣ್ಣೆ. "ಸಲೀಸಾಗಿ ತಿರುಗ್ಲಿ ಅಂತ."

ಅವಳು ಅಲ್ಲೇ ಕಲ್ಲಿನ ಮೇಲೆ ಕೂತಳು. "ಅಜ್ಜಾ, ಇದಕ್ಕೆ ಎಣ್ಣೆ ಬಿಡೋ ಹಾಗೇ ಇಲ್ಲ. ಒಣಗೇ ಇರ್ಬೇಕು ಇದು."

ಹಗ್ಗ ಸುತ್ತುತ್ತಿದ್ದವನೊಬ್ಬ, ಕೀಲೆಣ್ಣೆ ಗಾಳಿಗೂ ಎಣ್ಣೆ ಬಿಟ್ಟನಲ್ಲಪ್ಪಾ ಎಂದ. ಯಾರೂ ನಗದಿದ್ದುದನ್ನು ಕಂಡು ಮತ್ತೆ ಹಗ್ಗ ಸುತ್ತತೊಡಗಿದ.

ಕೀಲೆಣ್ಣೆ ಅವಳ ಮುಂದೆ ಕುಕ್ಕರಿಸಿದ. "ಇನ್ನೊಂದ್ಸಲ ಅಳೀರಿ ತಾಯಿ. ಕಂಬ ಇಲ್ಲೇ ಇದೆ, ಗುಡ್ಡಾನೂ ಇಲ್ಲೇ ಇದೆ. ನನ್ನ ಬೇಕಾದ್ರೆ ಪೊಲೀಸ್ರಿಗೆ ಕೊಡಿ, ನಾನು ಗುಡ್ಡದ ಕಡೆ ತಲೆ ಹಾಕಿ ಮಲಗೋದೂ ಇಲ್ಲ."

ಅವಳು ದೂರ ಹೋಗಿ ಫೋನು ಮಾಡಿದಳು. ಬಹಳ ಹೊತ್ತು ಮಾತಾಡಿದಳು. ಒಮ್ಮೆ ದನಿಯೂ ಏರಿತು. ತಿರುಗಿ ಬಂದು, ಅವನ ಮುಖ ನೋಡದೆ, ಸರ್ಕಾರದ ಕರೆಂಟಿನ ಲೈನಿನಲ್ಲಿ ಇದ್ದ ಜಾಗ ಆಚೆಯ ಗುಡ್ಡಕ್ಕೆ ಆಗಲೇ ಮಂಜೂರಾಗಿದೆ, ಈಗ ಇಲ್ಲಿ ಎಷ್ಟು ಗಾಳಿ ಇದ್ದರೂ ಅದನ್ನು ಹೊತ್ತೊಯ್ಯುವ ತಂತಿ ಇಲ್ಲ ಎಂದಳು. ಆಚೆಯ ಕೆಲಸಗಳಾದರೆ ಆಚೆಯವರಿಗೇ. ಅಳಿಯ ಹಗ್ಗವನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡ. ಕೆಮ್ಮು ಬಂದು ಮತ್ತೆ ಕೆಳಗಿಟ್ಟ.

ಮನೆಯಲ್ಲಿ ಮಗಳು ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ಕೂಗಾಡಿದ್ದರೆ ಅಪ್ಪನಿಗೆ ಹಗುರಾಗುತ್ತಿತ್ತು.

"ಅದು ಕಿರ್ ಅಂದಿರ್ಲಿಲ್ಲ ಅಲ್ವಾ ಅಪ್ಪಾ?" ಎಂದಳು.

"ಇಲ್ಲ."

"ಮತ್ಯಾಕೆ ಬಿಟ್ಟೆ?"

ಕೇಳಿದವಳೇ ಅವಳು ಒಳಗೆ ಹೋದಳು.

ಡಬ್ಬಿ ಅಟ್ಟ ಸೇರಿತು. ಊರಿನ ಬಾಗಿಲುಗಳು ಒಂದೊಂದಾಗಿ ಕಿರುಗುಟ್ಟತೊಡಗಿದವು. ಅವನು ಕಿವುಡನ ಹಾಗೆ ದಾಟಿ ಹೋಗುತ್ತಿದ್ದ. ಆಚೆಯ ಗುಡ್ಡದಲ್ಲಿ ಗೋಪುರಗಳ ಬುನಾದಿ ಶುರುವಾಯಿತು. ಬುನಾದಿಗೆ ಜಲ್ಲಿ ಬೇಕು. ಕ್ರಷರಿಗೆ ಹಿಂದೆಂದೂ ಇಲ್ಲದ ಬೇಡಿಕೆ ಬಂತು. ಆಳುಗಳಿಗೆ ಎರಡು ಪಾಳಿ ಎಂದರು. ಅಳಿಯ ನಡುವೆ ನಿಂತು ಉಸಿರು ತೆಗೆದುಕೊಳ್ಳದೆ ಅಂಗಳ ದಾಟಲಾರನಾಗಿದ್ದ, ಆದರೂ ಹೋಗುತ್ತಿದ್ದ.

ಒಂದು ಬೆಳಿಗ್ಗೆ ಅವನು ಸೈಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿ, ಒಳಗೆ ಕೂತಿದ್ದ ಮಾವನನ್ನು ಕರೆದ. ಚೈನು ಒಣಗಿ ತುಳಿಯುವುದು ಭಾರವಾಗಿತ್ತು.

"ಮಾವ, ಒಂದು ಹನಿ ಬಿಡ್ತೀರಾ? ಏರಿನಲ್ಲಿ ಉಸಿರು ಸಾಲಲ್ಲ."

ಬಾಗಿಲಲ್ಲಿ ಮಗಳು ಒಗೆದ ಅಂಗಿ ಹಿಡಿದು ನಿಂತಿದ್ದಳು. ಕೀಲೆಣ್ಣೆ ಅವಳ ಕಡೆ ನೋಡಿದ. ಅವಳು ಅಂಗಿಯನ್ನು ಗಂಡನ ಕೈಗೆ ಕೊಟ್ಟು, ಅಟ್ಟದಿಂದ ಡಬ್ಬಿ ಇಳಿಸಿ ತಂದು ಅಪ್ಪನ ಮುಂದೆ ಇಟ್ಟಳು. ಅವನು ಮಂಡಿಯೂರಿ, ಪೆಡಲನ್ನು ಒಂದು ಕೈಯಲ್ಲಿ ತಿರುಗಿಸುತ್ತ, ಚೈನಿನ ಕೊಂಡಿಕೊಂಡಿಗೂ ಎಣ್ಣೆ ಬಿಟ್ಟ.

ಅಳಿಯ ಹತ್ತಿ ಹೊರಟ. ಸೈಕಲ್ಲು ಈಗ ಒಂದಿಷ್ಟೂ ಸದ್ದು ಮಾಡಲಿಲ್ಲ. ಹಾಗಾಗಿ ಅವನ ಕೆಮ್ಮು ಮಾತ್ರ, ಬೀದಿಯ ತಿರುವಿನವರೆಗೂ, ತಿರುವು ದಾಟಿ ಏರಿನ ಬುಡದವರೆಗೂ ಅವರಿಬ್ಬರಿಗೂ ಕೇಳಿಸುತ್ತಲೇ ಇತ್ತು.