ಹತ್ತು ಹೆಜ್ಜೆ ಹಿಂದೆ

ಆ ಟೀಚರಮ್ಮ ತಮ್ಮ ವಿದ್ಯಾರ್ಥಿಗಳ ಜೊತೆಜೊತೆಗೆ ನಡೆದದ್ದನ್ನು ನಾನು ಕಂಡಿಲ್ಲ. ಅವರನ್ನು ಮುಂದೆ ಬಿಟ್ಟು, ಹತ್ತು ಹೆಜ್ಜೆ ಹಿಂದೆ, ನಶ್ಯದ ಬಣ್ಣದ ಉದ್ದ ಕೋಟಿನ ಜೇಬುಗಳಲ್ಲಿ ಎರಡೂ ಕೈ ಹುದುಗಿಸಿಕೊಂಡು, ಮಕ್ಕಳು ದಾರಿ ತಪ್ಪಿದರೂ ಕರೆಯದೆ, ತಪ್ಪಿದ ದಾರಿಯಲ್ಲೇ ತಾವೂ ಹಿಂಬಾಲಿಸುವುದು ಅವರ ಪದ್ಧತಿ. ಕೈ ಹೊರಗಿದ್ದರೆ ತಾನಾಗಿ ಸಹಾಯಕ್ಕೆ ಚಾಚಿಬಿಡುತ್ತದೆಂಬ ಭಯವಂತೆ.

ಕಲಿಕೆ ನಿಧಾನವಾದ ಮಕ್ಕಳ ವಿಶೇಷ ಶಾಲೆಯೊಂದರಲ್ಲಿ ಕೊನೆಯ ವರ್ಷದವರು ಅವರ ಪಾಲಿಗೆ. ಶಾಲೆ ಮುಗಿದ ಮೇಲೆ ಇಂಥ ಮಕ್ಕಳು ಮನೆಯ ಮೂಲೆ ಸೇರಿಬಿಡುವುದೇ ಹೆಚ್ಚು. ಹಾಗಾಗಕೂಡದೆಂದು ಬೇಕರಿ, ಮುದ್ರಣಾಲಯ, ಲಾಂಡ್ರಿ ಎಂದು ಊರೆಲ್ಲ ಅಲೆದು, ಮಾಲೀಕರ ಬೆನ್ನುಬಿದ್ದು ಒಪ್ಪಿಸುತ್ತಿದ್ದರು. ಮೊದಲು ತಾವೇ ಅಲ್ಲಿ ಒಂದು ವಾರ ದುಡಿದು, ಕೆಲಸದ ಒಂದೊಂದು ಹಂತವನ್ನೂ ಮಕ್ಕಳು ನೋಡಿ ಮಾಡಲೆಂದು ಚೀಟಿಗಳ ಮೇಲೆ ಚಿತ್ರವಾಗಿ ಬರೆದು ತರುತ್ತಿದ್ದರು. ಬಸ್ಸಿನ ಕಂಡಕ್ಟರಿಗೂ ತಾಕೀತಾಗಿತ್ತು: ಮಕ್ಕಳು ತಾವಾಗಿ ಕೇಳುವ ತನಕ ನೀವು ಬಾಯಿ ಬಿಡಬೇಡಿ.

ನನ್ನ ಅಕ್ಕನ ಮಗಳು ಅವರ ಕೈಗೆ ಸಿಕ್ಕಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಅವಳ ಮಾತು ನಿಧಾನ; ಒಂದು ವಾಕ್ಯ ಹೊರಡುವಷ್ಟರಲ್ಲಿ ಕೇಳಿದವರು ಎತ್ತಲೋ ನೋಡುತ್ತಿರುತ್ತಾರೆ. ಅವಳ ಪರವಾಗಿ ಉತ್ತರಿಸುವುದು ನನಗಂಟಿದ ಚಟ. ಮೊದಲ ದಿನವೇ ಟೀಚರಮ್ಮ, "ನಾನು ಕೇಳಿದ್ದು ಅವಳನ್ನ," ಎಂದರು. ನನಗೆ ಸಿಟ್ಟು ಬಂದದ್ದು ನಿಜ.

ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಚಾದರ ಮಡಿಸುವುದು ಅವಳ ಕೆಲಸ. ಒಂದು ತಿಂಗಳು ನೋಡಿ, ಸರಿಯೆನಿಸಿದರೆ ಕಾಯಂ. ತಿಂಗಳ ಕೊನೆಯ ದಿನ ಮಾಲೀಕರು ನಮ್ಮನ್ನೂ ಟೀಚರಮ್ಮನನ್ನೂ ಕರೆಸಿ ಪೇಚಾಡಿಕೊಂಡರು. ಆಸ್ಪತ್ರೆಯ ಗುರುತು ಮಡಿಕೆಯ ಮೇಲೆ ಕಾಣಬೇಕು, ಇವಳು ಮಡಿಸಿದ್ದರಲ್ಲಿ ಮಾತ್ರ ಸದಾ ಒಳಗೆ ಹೋಗುತ್ತದೆ, ಯಾಕೆಂದು ಕೇಳಿದರೆ ಚೀಟಿ ತೋರಿಸುತ್ತಾಳೆ, ಇನ್ನು ಇಟ್ಟುಕೊಳ್ಳುವುದು ಕಷ್ಟ. ಅಕ್ಕನ ಮುಖ ಸಣ್ಣದಾಯಿತು. ಅವಳ ಪರವಾಗಿ ಹೇಳಲು ನಾನು ಬಾಯಿ ತೆರೆದಿದ್ದೆ.

"ಅವಳನ್ನೇ ಕೇಳಿ," ಎಂದರು ಟೀಚರಮ್ಮ. "ಕೇಳಿ, ಇಲ್ಲೇ ನಿಂತಿರಿ."

ಮಾಲೀಕರು ಕೇಳಿ ನಿಂತರು. ಒಗೆಯುವ ಯಂತ್ರ ತಿರುಗಿ ತಿರುಗಿ ನಿಂತಿತು. ಆಮೇಲೆ ಬಂತು ಉತ್ತರ.

"ಚೀಟಿ... ತಪ್ಪು. ಟೀಚರ್ದು... ಎಡಗೈ."

ಎಡಚರಾದ ಟೀಚರಮ್ಮ ತಮ್ಮ ಅಭ್ಯಾಸದಂತೆ ಎಡದಿಂದ ಮಡಿಸಿ, ಹಾಗೆಯೇ ಚಿತ್ರ ಬರೆದಿದ್ದರು. ಹುಡುಗಿಗೆ ಅದು ಮೊದಲ ವಾರವೇ ತಿಳಿದಿತ್ತು. ಆದರೆ ಚೀಟಿ ಮೀರಲು ಮಾಲೀಕರ ಅಪ್ಪಣೆ ಬೇಕೆಂದು ಅವಳ ಎಣಿಕೆ. ಕೇಳಹೊರಟಾಗಲೆಲ್ಲ ಮಾಲೀಕರು ಮುಂದಿನ ಮೇಜಿಗೆ ಹೋಗಿಬಿಟ್ಟಿರುತ್ತಿದ್ದರು. ಈಗ ಅವಳು ಬಲದಿಂದ ಒಂದು ಚಾದರ ಮಡಿಸಿದಳು. ಗುರುತು ಮೇಲೆ ಬಂತು. ಟೀಚರಮ್ಮ ಜೇಬಿನಿಂದ ಆ ತಪ್ಪಿತಸ್ಥ ಎಡಗೈಯನ್ನು ತೆಗೆದು ನೋಡಿಕೊಂಡು, ಹಬ್ಬವೇ ಬಂದಂತೆ ನಕ್ಕರು. ಮಾಲೀಕರು ನಾಳೆ ಎಂಟಕ್ಕೆ ಬಾ ಎಂದರು, ಅವಳ ಕಡೆಗೇ ತಿರುಗಿ.

ಕೈಹಿಡಿದು ನಡೆಸುವ ಪುಣ್ಯಾತ್ಮರಿಗೆ ಲೋಕದಲ್ಲಿ ಬರವಿಲ್ಲ. ನಾನೂ ಅವರಲ್ಲೊಬ್ಬನೆಂದು ಬೀಗುತ್ತಿದ್ದೆ. ಕೈ ಕಟ್ಟಿಕೊಂಡು ಹಿಂದೆ ನಿಲ್ಲುವವರು, ತಮ್ಮ ತಪ್ಪನ್ನು ಶಿಷ್ಯೆಯ ಬಾಯಿಂದಲೇ ಕೇಳಿ ಹಿಗ್ಗುವವರು ಬಹಳ ವಿರಳ. ಪ್ರೀತಿಸುವ ನಾವು ಹತ್ತೊಂಬತ್ತು ವರ್ಷ ಅವಳಿಗಾಗಿ ಮಾತಾಡಿದೆವು. ಅಂಥವರೊಬ್ಬರು ಸುಮ್ಮನೆ ನಿಂತ ಮೇಲೆಯೇ ನಮಗೆ ಅವಳ ಮಾತು ಕೇಳಿಸಿತು.